ಅರೆಗಳಿಗೆ ತಡ

ಸೋರೆ ಒಣಗಿದ ಮೇಲೆ ಕೊರಳು ಕತ್ತರಿಸಬೇಕು.
ಅಲುಗಿಸಿದಾಗ ಬೀಜ ಗಲಗಲ ಅಂದರೆ ಹದ ಬಂತೆಂದು ಲೆಕ್ಕ.
ಪಕ್ಕದ ತೂತಿಗೆ, ಜೇಡ ತನ್ನ ಮೊಟ್ಟೆಗೆಂದು ನೇಯ್ದ
ಬಿಳಿ ಪೊರೆಯನ್ನು ಕದ್ದು ತಂದು ಅಂಟಿಸಬೇಕು.
ಇಷ್ಟು ನನ್ನ ಕೆಲಸ. ಊದುವವರು ಗಂಡಸರು.
ಊದುವುದೇನು, ಒಳಗೆ ಹಾಡು ಗುನುಗಿದರೆ ಸಾಕು,
ನೆಗಡಿ ಹಿಡಿದ ಕಹಳೆಯ ಹಾಗೆ ಬುರುಡೆ ದನಿಯೆತ್ತುತ್ತದೆ.
ಸರೋವರದ ಆಚೆ ದಡಕ್ಕೂ ಕೇಳುತ್ತದೆ ಎನ್ನುತ್ತಾರೆ.
ನಾನಂತೂ ನಂಬುವುದಿಲ್ಲ.

ನಿಜವಾದ ಹಿತ್ತಾಳೆಯ ಕಹಳೆ ಕಂಡವನು ಅಜ್ಜ ಲಾಮೆಕ್.
ದೊರೆಗಳಿಗೂ ದೊರೆಗಳಿಗೂ ಜಗಳ ಹತ್ತಿದ ವರ್ಷ
ಯಾಕೆ ಏನು ಎಂದು ನಮಗೆ ಯಾರೂ ಹೇಳದೆ
ಅವನನ್ನು ದೋಣಿಯಿಂದಲೇ ಎಳೆದೊಯ್ದರು,
ಕೈಗೆ ಮೀನಿನ ಹುರುಪೆ ಅಂಟಿಕೊಂಡಿದ್ದಂತೆಯೇ.
ಬಂದೂಕು ಕೊಡಲಿಲ್ಲ. ಬೂಟು ಕೊಡಲಿಲ್ಲ.
ಕೊಟ್ಟದ್ದು ಹುಲ್ಲಿನದೊಂದು ಸಿಂಬಿ,
ಸಿಂಬಿಯ ಮೇಲೆ ಗುಂಡಿನ ಪೆಟ್ಟಿಗೆ,
ಒಂದಿಡೀ ತಿಂಗಳು ಕ್ಯಾಪ್ಟನ್ನನ ಸ್ನಾನದ ತೊಟ್ಟಿ.

ದಾರಿಯ ನಡುವೆ ಸಿಪಾಯಿಗಳು, ಅಂಚಿನ ಮುಳ್ಳಿನಲ್ಲಿ ಇವನು.
ಅವರ ಎಡಗಾಲು ಬಿದ್ದು ಧೂಳೆದ್ದ ಮೇಲೆ
ಇವನ ಎಡಗಾಲು.
ಹೊರೆ ಹೊತ್ತವನಿಗೆ ನೆಲ ಸ್ವಲ್ಪ ತಡವಾಗಿಯೇ ಸಿಗುತ್ತದೆ.
ಕತ್ತು ತಿರುಗಿಸುವ ಹಾಗಿಲ್ಲ; ಓರೆಗಣ್ಣಿನಲ್ಲೇ
ಎರಡು ವರ್ಷ ಕವಾಯತು ಕಲಿತ.

ಹೋದವರು ಹನ್ನೆರಡು ಜನ, ಬಂದವರು ಐವರು.
ಒಂದು ಬೆಳುದಿಂಗಳಲ್ಲಿ ಆ ಐವರು ಮರಳಿನ ಮೇಲೆ
ಯಾರೂ ಕರೆಯದೆ ಬಂದು ಸಾಲಾಗಿ ನಿಂತರಂತೆ.
ಒಬ್ಬ ಜನರಲ್ ಆದ, ಒಬ್ಬ ಡಾಕ್ಟರು, ಇಬ್ಬರು ಸಾರ್ಜೆಂಟರು.
ಲಾಮೆಕ್ ತನಗೆ ತಾನೇ ಕ್ಯಾಪ್ಟನ್ ಪದವಿ ಕೊಟ್ಟುಕೊಂಡ,
ತೊಟ್ಟಿ ಹೊತ್ತವನಿಗೆ ಅಷ್ಟಾದರೂ ಬೇಡವೇ.
ಕಹಳೆ ಇರಲಿಲ್ಲ. ಚಪ್ಪರದಲ್ಲಿ ಸೋರೆ ಇತ್ತು.

ಅದೇ ಈಗ ಮಲಿಪೆಂಗಾ. ಊರಿಗೊಂದು ತಂಡ,
ಬಿಳಿ ಚಡ್ಡಿ, ಮೊಣಕಾಲಿನವರೆಗೆ ಕಾಲುಚೀಲ,
ಎದೆಯ ಜೇಬಿನಲ್ಲಿ ಬರೆಯದ ಪೆನ್ನು.

ಈ ಆಗಸ್ಟಿನಲ್ಲಿ ಮ್ಜುಜು ಪಟ್ಟಣದಿಂದ ತಮ್ಮನ ಮಗ
ವೊಂಗಾನಿ ಬಂದ, ಫೋನಿನಲ್ಲೊಂದು ಪರೇಡು ತಂದ.
ಯಾವುದೋ ಚಳಿಯ ದೇಶ, ಕೆಂಪು ಕೋಟು, ಒದ್ದೆ ಕಲ್ಲುಹಾಸು.
"ನೋಡಿ, ಮೂಲ ಇದು. ಇಷ್ಟು ವರ್ಷ ತಪ್ಪು ಕುಣಿದಿದ್ದೀರಿ."
ಹುಡುಗರನ್ನೆಲ್ಲ ನಿಲ್ಲಿಸಿ ತಿದ್ದಿದ.
ಡೋಲು ಬಿತ್ತು, ಕಾಲು ಬಿತ್ತು,
ನಡುವೆ ಒಂದು ಕೂದಲು ತೂರಿಸಲೂ ಜಾಗವಿಲ್ಲ.

ಅಪ್ಪ ಫೈಸನ್ ಮಗುಚಿದ ದೋಣಿಯ ಮೇಲೆ ಕೂತಿದ್ದ.
ತೊಂಬತ್ತಕ್ಕೆ ಒಂದೋ ಎರಡೋ ಕಮ್ಮಿ.
ಮೊದಲು ಬೈದ. ಆಮೇಲೆ ಎದ್ದ,
ಏಳುವುದಕ್ಕೇ ಒಂದು ಹಾಡಿನಷ್ಟು ಹೊತ್ತು ಹಿಡಿಯಿತು.
ಹಸಿ ಮೀನಿನ ಬುಟ್ಟಿಯೊಂದನ್ನು ಎಳೆದು ತರಿಸಿ
ವೊಂಗಾನಿಯ ತಲೆಯ ಮೇಲೆ ಇಡಿಸಿದ.
"ಈಗ ಕುಣಿ."

ಮೀನಿನ ನೀರು ಹುಡುಗನ ಬೆನ್ನಿಗಿಳಿಯಿತು.
ಕತ್ತು ಕಂಬವಾಯಿತು. ಡೋಲು ಬಿತ್ತು,
ಕಾಲು ಇನ್ನೂ ಗಾಳಿಯಲ್ಲೇ ನೆಲ ಹುಡುಕುತ್ತಿತ್ತು.
ಹಿಂದಿನ ಸಾಲು ಅವನನ್ನು ನೋಡಿ ತಾನೂ ತಡಮಾಡಿತು.
"ಸಮಯಕ್ಕೆ ಬೀಳುವುದು ಅವರ ಹೆಜ್ಜೆ," ಅಂದ ಅಪ್ಪ,
"ಬಿದ್ದ ಮೇಲೆ ಬರುವುದು ನಮ್ಮದು."

ಬುಟ್ಟಿ ಇಳಿಸಿದ ಮೇಲೂ ಹುಡುಗನ ಕತ್ತು ಹಾಗೇ ಇತ್ತು.
ಆದರೆ ತಿರುವಿನಲ್ಲಿ, ಯಾರೂ ಕಲಿಸದ ಕಡೆ,
ಸೊಂಟ ಚಕ್ಕನೆ ಒಮ್ಮೆ ನಡುಗಿ ನಿಂತಿತು.
ಹುಡುಗಿಯರು ನಕ್ಕರು. ನನ್ನ ಕೈಯ ಬುರುಡೆ ಜಾರಿತು.
"ಅದೆಲ್ಲಿಂದ ತಂದೆಯೋ?"
"ಬಸ್ ನಿಲ್ದಾಣದಿಂದ, ತಾತ. ಅಲ್ಲಿ ಕಾಂಗೋದ ಹಾಡು ಹಾಕ್ತಾರೆ."

ಅಪ್ಪ ಮರಳಿಗೆ ಉಗಿದ. ಕೋಲಿನಿಂದ ಅದರ ಮೇಲೆ ಮಣ್ಣೆಳೆದ.
ಸರೋವರದ ಕಡೆ ನೋಡುತ್ತ ಬಹಳ ಹೊತ್ತು ಕೂತ.
"ಸರಿ," ಅಂದ,
"ಅದನ್ನೂ ಸ್ವಲ್ಪ ತಡವಾಗಿ ಮಾಡು."